ನಿದ್ದೆಗುಳಿಗೆ ಮಿತಿ ಮೀರಿದಾಗ: ಇದ್ದಿಲಿನ ಮದ್ದು ಯಾರ ಕೈಯಲ್ಲಿ?

ನಿದ್ದೆಯ ಗುಳಿಗೆ ಈಗ ನಮ್ಮ ಸೀಮೆಯ ಮನೆಗಳಲ್ಲಿ ಅಪರೂಪದ ವಸ್ತುವಾಗಿ ಉಳಿದಿಲ್ಲ. ಬೆಟಗೇರಿಯ ನೇಕಾರರ ಓಣಿಯಿಂದ ಹಿಡಿದು ಮುಂಡರಗಿಯ ಹೊಳೆಸಾಲಿನ ಹಳ್ಳಿಗಳವರೆಗೆ ಎಷ್ಟೋ ಮನೆಗಳಲ್ಲಿ ಹಿರಿಯರ ತಲೆದಿಂಬಿನ ಕೆಳಗೋ ಗೋಡೆಯ ಮಾಡದಲ್ಲೋ ಒಂದು ಸ್ಟ್ರಿಪ್ ಇರುತ್ತದೆ. ನಿದ್ದೆ ಬಾರದ್ದಕ್ಕೆ ಒಬ್ಬರು, ಮನಸ್ಸಿನ ಕಳವಳಕ್ಕೆ ಒಬ್ಬರು, ಮೂರ್ಛೆರೋಗಕ್ಕೆ ಇನ್ನೊಬ್ಬರು ವೈದ್ಯರ ಸಲಹೆಯಂತೆ ಇಂಥ ಔಷಧಗಳನ್ನು ಸೇವಿಸುತ್ತಾರೆ. ಹಾಗೆ ಸೇವಿಸಿದಾಗ ಅವು ಉಪಕಾರಿಯೇ. ತೊಂದರೆ ಬರುವುದು ಪ್ರಮಾಣ ಮೀರಿದಾಗ. ಮರೆವು ಬಂದ ವೃದ್ಧರು ಒಮ್ಮೆ ನುಂಗಿದ್ದನ್ನು ಮರೆತು ಮತ್ತೊಮ್ಮೆ, ಮಗದೊಮ್ಮೆ ನುಂಗುವುದುಂಟು. ಅಂಬೆಗಾಲಿಡುವ ಕೂಸು ಪೆಪ್ಪರಮಿಂಟೆಂದು ತಿಳಿದು ಬಾಯಿಗೆ ಹಾಕಿಕೊಳ್ಳುವುದುಂಟು. ತಾಳಲಾರದ ದುಃಖದ ಗಳಿಗೆಯಲ್ಲಿ ಕೈ ಆ ಕಡೆಗೆ ಹೋಗುವುದೂ ಉಂಟು.

ಕಾರಣ ಯಾವುದೇ ಇರಲಿ, ಮನೆಯವರು ಮಾಡುವ ಮೊದಲ ಕೆಲಸ ಮಾತ್ರ ಸಾಮಾನ್ಯವಾಗಿ ಒಂದೇ: ಬಾಯಿಗೆ ಏನನ್ನಾದರೂ ಹಾಕುವುದು. ಹುಣಸೆಹುಳಿಯ ನೀರು, ಉಪ್ಪು ಕದಡಿದ ನೀರು, ಸಾಬೂನಿನ ನೀರು, ಮಜ್ಜಿಗೆ, ಕೆಲವೆಡೆ ಸಗಣಿ ನೀರು. ಈ ಪಟ್ಟಿಗೆ ಇತ್ತೀಚೆಗೆ ಇನ್ನೊಂದು ಸೇರಿಕೊಂಡಿದೆ. ಇದ್ದಿಲು ವಿಷವನ್ನು ಹೀರುತ್ತದೆಂದು ಮೊಬೈಲಿನಲ್ಲಿ ನೋಡಿದವರು ನನ್ನ ದವಾಖಾನೆಗೆ ಬಂದು, "ಡಾಕ್ಟರೇ, ಒಲೆಯ ಇದ್ದಿಲನ್ನೇ ಅರೆದು ಕುಡಿಸಬಹುದಲ್ಲವೇ?" ಎಂದು ಕೇಳುತ್ತಾರೆ. ಕುಡಿಸಬಾರದು ಎಂಬುದೇ ನನ್ನ ಉತ್ತರ. ಆದರೆ ಬರಿಯ ಇಲ್ಲ ಎಂಬ ಮಾತು ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಇದ್ದಿಲಿನ ಚಿಕಿತ್ಸೆ ಸುಳ್ಳಲ್ಲ, ವೈದ್ಯಲೋಕ ಒಪ್ಪಿದ ಚಿಕಿತ್ಸೆಯೇ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿಯೂ ನಮ್ಮ ದೇಶದ ಪಟ್ಟಿಯಲ್ಲಿಯೂ ಅದಕ್ಕೆ ಸ್ಥಾನವಿದೆ. ಹಾಗಿದ್ದೂ ಮನೆಯಲ್ಲಿ ಅದನ್ನು ಕೊಡಬಾರದೇಕೆ ಎಂಬುದನ್ನು ಕೊಂಚ ವಿವರವಾಗಿಯೇ ನೋಡೋಣ.

ಆಸ್ಪತ್ರೆಯಲ್ಲಿ ಬಳಸುವುದು ಸಕ್ರಿಯಗೊಳಿಸಿದ ಇದ್ದಿಲು. ಔಷಧದ ಅಂಗಡಿಯವರ ಮಾತಿನಲ್ಲಿ ಆಕ್ಟಿವೇಟೆಡ್ ಚಾರ್ಕೋಲ್. ತೆಂಗಿನ ಕರಟ, ಕಟ್ಟಿಗೆ ಮುಂತಾದವನ್ನು ಗಾಳಿ ಹೆಚ್ಚು ತಾಗದಂತೆ ಸುಟ್ಟು, ಬಳಿಕ ಅತಿಯಾದ ಕಾವಿನಲ್ಲಿ ಅದರ ಮೇಲೆ ಉಗಿಯನ್ನು ಹಾಯಿಸುತ್ತಾರೆ. ಆಗ ಒಂದೊಂದು ಕಣದೊಳಗೂ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳು ತೆರೆದುಕೊಳ್ಳುತ್ತವೆ. ಆ ರಂಧ್ರಗಳ ಒಳಗೋಡೆಗಳನ್ನೆಲ್ಲ ಬಿಡಿಸಿ ಹಾಸಿದರೆ ಒಂದು ಗ್ರಾಂ ಪುಡಿಯ ಮೈ ಸುಮಾರು 1,000 ಚದರ ಮೀಟರ್ ಆಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಚಿಟಿಕೆ ಪುಡಿಯೊಳಗೆ ಹತ್ತು ಗುಂಟೆ ಹೊಲ ಮಡಚಿಕೊಂಡಿದೆ. ಪ್ರಾಯದವರಿಗೆ ಸಾಮಾನ್ಯವಾಗಿ ಕೊಡುವ 50 ಗ್ರಾಂನಲ್ಲಿ ಹನ್ನೆರಡು ಎಕರೆ! ಹೊಟ್ಟೆಯಲ್ಲಿರುವ ಔಷಧದ ಅಣುಗಳು ಈ ವಿಸ್ತಾರವಾದ ಮೈಗೆ ಅಂಟಿಕೊಳ್ಳುತ್ತವೆ. ಇದ್ದಿಲು ಕರುಳಿನಲ್ಲಿ ಕರಗುವುದಿಲ್ಲ, ರಕ್ತಕ್ಕೆ ಸೇರುವುದಿಲ್ಲ. ತಾನು ಹಿಡಿದುಕೊಂಡದ್ದನ್ನು ಹೊತ್ತುಕೊಂಡೇ ಮಲದ ದಾರಿಯಿಂದ ಹೊರಗೆ ಹೋಗುತ್ತದೆ.

ಒಲೆಯ ಇದ್ದಿಲಿಗೆ ಈ ಸಂಸ್ಕಾರವಿಲ್ಲ. ಅದರ ರಂಧ್ರಗಳು ಬಹುಪಾಲು ಮುಚ್ಚಿಯೇ ಇರುತ್ತವೆ, ಜೊತೆಗೆ ಬೂದಿ, ಮಣ್ಣು, ಡಾಂಬರಿನಂಥ ಕೊಳೆ ಬೇರೆ. ಹೊಟ್ಟೆಯುಬ್ಬರಕ್ಕೆಂದು ಅಂಗಡಿಯಲ್ಲಿ ಸಿಗುವ ಇದ್ದಿಲಿನ ಗುಳಿಗೆಯೂ ಈ ಕೆಲಸಕ್ಕೆ ಸಾಲದು. ಅದರಲ್ಲಿರುವ ಪ್ರಮಾಣ ಅತ್ಯಲ್ಪ. ಕರಕಾದ ರೊಟ್ಟಿಯನ್ನು ತಿನ್ನಿಸುವ ಪದ್ಧತಿ ನಮ್ಮಲ್ಲಿ ಮಾತ್ರವಲ್ಲ, ಪಶ್ಚಿಮದ ದೇಶಗಳಲ್ಲಿಯೂ ಇತ್ತು. ಸುಟ್ಟ ಬ್ರೆಡ್ಡಿನ ಪುಡಿ ಸೇರಿಸಿ ಮಾಡಿದ ಮಿಶ್ರಣವೊಂದನ್ನು ಅಲ್ಲಿ ಸರ್ವವಿಷಹರವೆಂದೇ ಕರೆಯುತ್ತಿದ್ದರು. ಅದರಿಂದ ಪ್ರಯೋಜನವಿಲ್ಲವೆಂದು ತಿಳಿದ ಮೇಲೆ ಕೈಬಿಟ್ಟರು.

ಇದ್ದಿಲು ಕೆಲಸ ಮಾಡುವುದನ್ನು ನಮ್ಮ ಜನ ದಿನವೂ ನೋಡುತ್ತಿದ್ದಾರೆ, ಗುರುತಿಸಿರುವುದಿಲ್ಲ ಅಷ್ಟೇ. ಹಳ್ಳಿಗಳಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿ ಸಾಲಾಗಿ ನಿಂತ ಉದ್ದನೆಯ ಹಂಡೆಗಳ ಪೈಕಿ ಒಂದರಲ್ಲಿ ಇರುವುದು ಇದೇ ಬಗೆಯ ಇದ್ದಿಲು. ನೀರಿನ ದುರ್ವಾಸನೆಯನ್ನೂ ಕ್ಲೋರಿನ್ನನ್ನೂ ಅದು ಹಿಡಿದುಕೊಳ್ಳುತ್ತದೆ. ಆದರೆ ಮುಂಡರಗಿ, ಶಿರಹಟ್ಟಿ ಭಾಗದ ಕೊಳವೆಬಾವಿಗಳ ಫ್ಲೋರೈಡನ್ನು ತೆಗೆಯುವುದು ಅದರ ಕೈಲಾಗದ ಕೆಲಸ. ಅದಕ್ಕೆ ಮುಂದಿನ ಆರ್‌ಓ ಪರದೆಯೇ ಬೇಕು. ಹೊಟ್ಟೆಯೊಳಗೂ ಹಾಗೆಯೇ. ಹೆಚ್ಚಿನ ನಿದ್ದೆಗುಳಿಗೆಗಳು ಇದ್ದಿಲಿಗೆ ಅಂಟುತ್ತವೆ. ಮದ್ಯ ಅಂಟುವುದಿಲ್ಲ, ಸೀಮೆಎಣ್ಣೆ ಅಂಟುವುದಿಲ್ಲ, ಆಸಿಡ್ ಅಂಟುವುದಿಲ್ಲ, ಬಸುರಿಯರಿಗೆ ಕೊಡುವ ಕಬ್ಬಿಣಾಂಶದ ಗುಳಿಗೆಯೂ ಮನೋರೋಗಕ್ಕೆ ಕೊಡುವ ಲಿಥಿಯಮ್ಮೂ ಅಂಟುವುದಿಲ್ಲ. ಸೀಮೆಎಣ್ಣೆ, ಆಸಿಡ್ ಸೇವಿಸಿದವರಿಗೆ ಇದ್ದಿಲು ಕೊಟ್ಟರೆ ಕೇಡೇ ಹೆಚ್ಚು.

ಈ ಗುಣ ಹೊಸದಾಗಿ ತಿಳಿದುದಲ್ಲ. ಇದ್ದಿಲು ದ್ರವಗಳ ಬಣ್ಣವನ್ನು ಹೀರುತ್ತದೆಂಬುದನ್ನು ರಷ್ಯಾದಲ್ಲಿ ಲೋವಿಟ್ಸ್ ಎಂಬ ರಸಾಯನಜ್ಞರು 1785ರಲ್ಲಿ ಕಂಡುಕೊಂಡರು. 1831ರಲ್ಲಿ ಟೂರಿ ಎಂಬ ಫ್ರೆಂಚ್ ಔಷಧತಜ್ಞರು ವಿದ್ವತ್ಸಭೆಯ ಎದುರಿನಲ್ಲಿ ಸ್ಟ್ರಿಕ್ನಿನ್ ವಿಷವನ್ನು ಇದ್ದಿಲಿನೊಡನೆ ಬೆರೆಸಿ ಸೇವಿಸಿ ಬದುಕುಳಿದರೆಂದು ವೈದ್ಯಚರಿತ್ರೆ ಹೇಳುತ್ತದೆ. ಸ್ಟ್ರಿಕ್ನಿನ್ ಎಂದರೆ ನಾವು ಆಯುರ್ವೇದದಲ್ಲಿ ಶೋಧನೆ ಮಾಡಿಯೇ ಬಳಸುವ ಕಾಸರಕ ಬೀಜದ ವಿಷ. ಈ ಕಥೆಯನ್ನು ಕೇಳಿದವರೆಲ್ಲ ಇದ್ದಿಲಿನ ಮಹಿಮೆಯನ್ನು ಕೊಂಡಾಡುತ್ತಾರೆ. ನಾನು ಗಮನಿಸುವುದು ಬೇರೆಯದನ್ನು: ಅವರು ವಿಷವನ್ನೂ ಇದ್ದಿಲನ್ನೂ ಒಟ್ಟಿಗೆ ಸೇವಿಸಿದ್ದರು. ನಡುವೆ ಒಂದು ನಿಮಿಷದ ಅಂತರವೂ ಇರಲಿಲ್ಲ.

ನಮ್ಮ ಕಥೆ ಅಂತರದ್ದೇ. ಗುಳಿಗೆ ಜಠರದಲ್ಲಿ ಇರುವಷ್ಟು ಹೊತ್ತು ಮಾತ್ರ ಇದ್ದಿಲಿಗೆ ಸಿಕ್ಕುತ್ತದೆ. ಕರುಳಿಗೆ ಇಳಿದು ರಕ್ತಕ್ಕೆ ಸೇರಿದ ಮೇಲೆ ಇದ್ದಿಲಿನ ಕೈಗೆ ಸಿಗುವುದು ಕಷ್ಟ. ಅಮೆರಿಕ ಮತ್ತು ಯುರೋಪಿನ ವಿಷವೈದ್ಯರ ಸಂಘಗಳು ಕೂಡಿ 1997ರಲ್ಲಿ ಹೊರಡಿಸಿದ ಅಭಿಪ್ರಾಯ ಇದು: ಇದ್ದಿಲನ್ನು ಎಲ್ಲರಿಗೂ ರೂಢಿಯಂತೆ ಕೊಡಬೇಕಾಗಿಲ್ಲ, ಸೇವಿಸಿ ಒಂದು ಗಂಟೆಯೊಳಗೆ ಬಂದವರಿಗೆ, ಉಸಿರಿನ ದಾರಿ ಸುರಕ್ಷಿತವಾಗಿದ್ದರೆ, ಕೊಡುವ ವಿಚಾರ ಮಾಡಬಹುದು. ಶ್ರೀಲಂಕಾದ ಆಸ್ಪತ್ರೆಗಳಲ್ಲಿ 4,632 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಅವರಲ್ಲಿ ಬಹುಪಾಲು ಜನ ಕೀಟನಾಶಕವನ್ನೋ ಗಿಡದ ವಿಷಬೀಜವನ್ನೋ ಸೇವಿಸಿದವರು, ಹಲವರು ತಡವಾಗಿ ಬಂದವರು. ಇದ್ದಿಲು ಕೊಟ್ಟವರಿಗೂ ಕೊಡದವರಿಗೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಅಲ್ಲಿ ಕಾಣಲಿಲ್ಲ. ಅವರ ಹಳ್ಳಿಗಳೂ ನಮ್ಮ ಹಳ್ಳಿಗಳಂಥವೇ.

ಲಕ್ಷ್ಮೇಶ್ವರದಿಂದಲೋ ಮುಂಡರಗಿಯಿಂದಲೋ ಗದಗಿನ ದೊಡ್ಡ ಆಸ್ಪತ್ರೆಗೆ ಬರುವ ದಾರಿಯನ್ನು ಬಲ್ಲವರಿಗೆ ಒಂದು ಗಂಟೆ ಎಂದರೆ ಏನೆಂಬುದನ್ನು ನಾನು ಹೇಳಬೇಕಾಗಿಲ್ಲ. ಮುಕ್ಕಾಲು ಗಂಟೆ ರಸ್ತೆಯಲ್ಲಿಯೇ ಕಳೆಯುತ್ತದೆ. ಕಪ್ಪತಗುಡ್ಡದ ಮಗ್ಗುಲಿನ ಒಳಹಳ್ಳಿಯಾದರೆ ಇನ್ನೂ ಹೆಚ್ಚು. ಅದರ ಮೇಲೆ ಹುಣಸೆನೀರು ಕದಡಿ ಕುಡಿಸಲು, ವಾಂತಿಯಾಗುತ್ತದೋ ಎಂದು ಕಾಯಲು, ಓಣಿಯ ಹಿರಿಯರನ್ನು ಕರೆಸಲು ಅರ್ಧ ಗಂಟೆ ಹೋದರೆ ಇದ್ದಿಲಿನ ವೇಳೆ ಮನೆಯ ಪಡಸಾಲೆಯಲ್ಲಿಯೇ ಮುಗಿದುಹೋಗಿರುತ್ತದೆ.

ಹಾಗಾದರೆ ಮನೆಯಲ್ಲಿಯೇ ಬೇಗ ಕೊಟ್ಟುಬಿಡುವುದು ಒಳ್ಳೆಯದಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಇಲ್ಲಿಯೇ ನಿದ್ದೆಗುಳಿಗೆಯ ವಿಶೇಷವಾದ ಅಪಾಯವಿರುವುದು.

ಆರೋಗ್ಯವಂತರಲ್ಲಿ ನೀರಿನ ಒಂದು ಹನಿ ಶ್ವಾಸನಾಳದ ಕಡೆಗೆ ಜಾರಿದರೂ ಕೂಡಲೇ ಕೆಮ್ಮು ಬಂದು ಅದನ್ನು ಹೊರದೂಡುತ್ತದೆ. ನಿದ್ದೆಗುಳಿಗೆ ಮಿತಿ ಮೀರಿದಾಗ ಈ ಕಾವಲುಗಾರನೂ ಮಂಪರಿಗೆ ಬೀಳುತ್ತಾನೆ. ಹತ್ತು ನಿಮಿಷದ ಹಿಂದೆ ಮಾತನಾಡುತ್ತಿದ್ದವರು ಈಗ ಗುಟುಕರಿಸಲಾರದ ಸ್ಥಿತಿಯಲ್ಲಿರಬಹುದು. ಆಗ ಬಾಯಿಗೆ ಹಾಕಿದ್ದು, ವಾಂತಿಯಾಗಿ ಮೇಲೆ ಬಂದದ್ದು ಎಲ್ಲವೂ ಪುಪ್ಪುಸಕ್ಕೆ ಇಳಿಯುತ್ತದೆ. ಕರಗದ ಇದ್ದಿಲಿನ ಪುಡಿ ಪುಪ್ಪುಸಕ್ಕೆ ಇಳಿದರೆ ಆಗುವ ಹಾನಿ ಕೆಲವೊಮ್ಮೆ ಗುಳಿಗೆಯ ಹಾನಿಗಿಂತಲೂ ದೊಡ್ಡದು. ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿದವರಿಗೆ ಮೊದಲು ಶ್ವಾಸನಾಳಕ್ಕೆ ನಳಿಕೆ ಹಾಕಿ ಉಸಿರಿನ ದಾರಿಯನ್ನು ಭದ್ರಪಡಿಸಿ, ಆಮೇಲೆ ಬೇಕಾದರೆ ಮೂಗಿನ ಮೂಲಕ ಜಠರಕ್ಕೆ ಇನ್ನೊಂದು ನಳಿಕೆ ಇಳಿಸಿ ಇದ್ದಿಲನ್ನು ಬಿಡುವುದು ಈ ಕಾರಣದಿಂದಲೇ. ವಾಂತಿ ಮಾಡಿಸುವುದಕ್ಕೂ ಇದೇ ಆಕ್ಷೇಪ. ಉಪ್ಪಿನ ನೀರಿನದಂತೂ ಪ್ರತ್ಯೇಕ ಗಂಡಾಂತರ: ವಾಂತಿಯಾಗದೆ ಒಳಗೇ ಉಳಿದ ಉಪ್ಪು ರಕ್ತಕ್ಕೆ ಸೇರಿ ಮೆದುಳಿಗೆ ಪೆಟ್ಟು ಕೊಟ್ಟು ಪ್ರಾಣ ತೆಗೆದ ಉದಾಹರಣೆಗಳು ವೈದ್ಯಗ್ರಂಥಗಳಲ್ಲಿವೆ.

ನಿದ್ದೆಗುಳಿಗೆ ಕೊಲ್ಲುವುದು ಹೊಟ್ಟೆಯನ್ನು ಸುಟ್ಟಲ್ಲ, ಉಸಿರನ್ನು ನಿಧಾನಗೊಳಿಸಿ. ಮದ್ಯವೂ ಸೇರಿದ್ದರೆ ಇದು ಇಮ್ಮಡಿ ವೇಗದಲ್ಲಿ ನಡೆಯುತ್ತದೆ. ಈ ಒಂದು ಸಂಗತಿ ಮನವರಿಕೆಯಾಗಲು ವೈದ್ಯಲೋಕಕ್ಕೂ ಕಾಲ ಹಿಡಿಯಿತು. ಕಳೆದ ಶತಮಾನದ ಮೊದಲರ್ಧದಲ್ಲಿ ಬಾರ್ಬಿಚುರೇಟ್ ಎಂಬ ನಿದ್ದೆಗುಳಿಗೆ ಅತಿಯಾಗಿ ಸೇವಿಸಿದವರಿಗೆ ಎಚ್ಚರ ಬರಿಸುವ ಉದ್ರೇಕಕಾರಿ ಔಷಧಗಳನ್ನು ಚುಚ್ಚುವುದು ರೂಢಿಯಾಗಿತ್ತು. ನಮ್ಮಲ್ಲಿ ಕಡಕ್ ಚಹಾ ಕುಡಿಸಿ, ಮುಖಕ್ಕೆ ನೀರೆರಚಿ, ರಟ್ಟೆ ಹಿಡಿದು ಅಂಗಳದಲ್ಲಿ ತಿರುಗಾಡಿಸುತ್ತಾರಲ್ಲ, ಅದೇ ತರ್ಕ. 1940ರ ದಶಕದ ಕೊನೆಯ ಹೊತ್ತಿಗೆ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಕ್ಲೆಮೆಸೆನ್ ಮತ್ತು ನಿಲ್ಸನ್ ಎಂಬ ವೈದ್ಯರು ಆ ಚುಚ್ಚುಮದ್ದುಗಳನ್ನು ನಿಲ್ಲಿಸಿದರು. ಉಸಿರಿನ ದಾರಿ ತೆರೆದಿಡುವುದು, ಆಮ್ಲಜನಕ ಕೊಡುವುದು, ರಕ್ತದೊತ್ತಡ ಕಾಯುವುದು, ಮಗ್ಗುಲು ಬದಲಿಸುವುದು, ಹಗಲಿರುಳು ಪಕ್ಕದಲ್ಲಿದ್ದು ನೋಡಿಕೊಳ್ಳುವುದು ಇಷ್ಟನ್ನೇ ನಿಷ್ಠೆಯಿಂದ ಮಾಡಿದರು. ನೂರಕ್ಕೆ ಇಪ್ಪತ್ತರ ಸುಮಾರಿನಲ್ಲಿದ್ದ ಸಾವು ಒಂದೆರಡಕ್ಕೆ ಇಳಿಯಿತು. ವಿಷವನ್ನು ಹೊರಗೆಳೆಯುವ ಅವಸರಕ್ಕಿಂತ, ದೇಹ ತಾನಾಗಿ ಅದನ್ನು ಜೀರ್ಣಿಸಿಕೊಳ್ಳುವವರೆಗೆ ಉಸಿರನ್ನು ಕಾಯುವ ತಾಳ್ಮೆ ದೊಡ್ಡದೆಂದು ಆಗ ತಿಳಿಯಿತು.

ಹೀಗೆಂದು ಇದ್ದಿಲಿಗೆ ಏನೂ ಬೆಲೆಯಿಲ್ಲವೆಂದಲ್ಲ. ಮೂರ್ಛೆರೋಗಕ್ಕೆ ಇಂದಿಗೂ ಕೊಡುವ ಫಿನೋಬಾರ್ಬಿಟೋನ್ ಅತಿಯಾದಾಗ ಕೆಲವು ಗಂಟೆಗಳಿಗೊಮ್ಮೆ ಪದೇಪದೇ ಇದ್ದಿಲು ಕೊಡುವ ಕ್ರಮವಿದೆ. ರಕ್ತಕ್ಕೆ ಸೇರಿದ ಈ ಔಷಧ ಕರುಳಿನ ಗೋಡೆಯ ಮೂಲಕ ಮರಳಿ ಕರುಳಿನೊಳಗೆ ಒಸರುತ್ತದೆ, ಅಲ್ಲಿ ಕಾದಿರುವ ಇದ್ದಿಲು ಅದನ್ನು ಹಿಡಿದುಕೊಳ್ಳುತ್ತದೆ. ಅಲ್ಪ್ರಜೋಲಾಮ್, ಕ್ಲೊನಾಜೆಪಾಮ್‌ನಂಥ ಗುಳಿಗೆಗಳಲ್ಲಿ ಈ ಲಾಭವಿಲ್ಲ. ಯಾವ ಗುಳಿಗೆಗೆ ಯಾವ ಕ್ರಮ ಎಂಬುದು ಸ್ಟ್ರಿಪ್ ನೋಡಿದ ವೈದ್ಯರಿಗೆ ತಿಳಿಯುತ್ತದೆ. ಆದ್ದರಿಂದಲೇ ಖಾಲಿ ಸ್ಟ್ರಿಪ್, ಬಾಟಲಿ, ಮನೆಯಲ್ಲಿರುವ ಉಳಿದ ಔಷಧಗಳು ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ.

ಮನೆಯವರು ಮಾಡಬೇಕಾದದ್ದು

ಮೊದಲು 108ಕ್ಕೆ ಫೋನ್. ಈ ಸೇವೆ ನಮ್ಮ ರಾಜ್ಯದಲ್ಲಿ 2008ರಿಂದಲೂ ಇದೆ. ವ್ಯಕ್ತಿಗೆ ಎಚ್ಚರವಿದೆ, ಮಾತನಾಡುತ್ತಿದ್ದಾರೆ ಎಂಬ ಕಾರಣಕ್ಕೆ ಕಾದು ನೋಡಬೇಡಿ. ಎಚ್ಚರ ಕುಗ್ಗಿದ್ದು ಉಸಿರಾಟ ಇದ್ದರೆ ಎಡಮಗ್ಗುಲಿಗೆ ಮಲಗಿಸಿ, ಮೇಲಿನ ಕಾಲನ್ನು ಮಡಿಸಿ ಮುಂದಿಟ್ಟು, ಗದ್ದವನ್ನು ತುಸು ಮೇಲೆತ್ತಿ, ಬಾಯಿ ನೆಲದ ಕಡೆಗೆ ಬಾಗಿರುವಂತೆ ಮಾಡಬೇಕು. ವಾಂತಿಯಾದರೂ ಹೊರಗೇ ಹರಿಯುತ್ತದೆ. ಎಡಮಗ್ಗುಲಿನಿಂದ ಇನ್ನೊಂದು ಲಾಭವೂ ಇದೆ: ಜಠರದ ಆಕಾರದಿಂದಾಗಿ ಒಳಗಿರುವುದು ಕರುಳಿಗೆ ಇಳಿಯುವುದು ತಡವಾಗುತ್ತದೆ. ಅಂಗಾತ ಮಲಗಿಸಿ ಬಾಯಿಗೆ ನೀರು ಬಿಡುವುದು ಇವೆಲ್ಲಕ್ಕೂ ತದ್ವಿರುದ್ಧವಾದ ಕೆಲಸ.

"ಗಾಢ ನಿದ್ದೆ ಹತ್ತಿದೆ, ಗೊರಕೆ ಹೊಡೆಯುತ್ತಿದ್ದಾರೆ, ಮಲಗಿ ಎದ್ದರೆ ಸರಿಹೋಗುತ್ತದೆ" ಎಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ಗಾಬರಿಯಾಗುತ್ತದೆ. ಆ ಗೊರಕೆ ನಿದ್ದೆಯದಲ್ಲ. ಸಡಿಲಗೊಂಡ ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಯನ್ನು ಅರ್ಧ ಮುಚ್ಚಿರುವುದರ ಸದ್ದು ಅದು. ಒಬ್ಬರು ಪಕ್ಕದಲ್ಲಿ ಕುಳಿತು ಗಡಿಯಾರ ನೋಡಿ ಉಸಿರನ್ನು ಎಣಿಸಬೇಕು. ಪ್ರಾಯದವರಲ್ಲಿ ನಿಮಿಷಕ್ಕೆ 12ರಿಂದ 20 ಉಸಿರು ಸಹಜ. ಹತ್ತಕ್ಕಿಂತ ಕಡಿಮೆಯಾದರೆ, ತುಟಿ ನೀಲಿಗಟ್ಟಿದರೆ ಅದನ್ನು ಮತ್ತೆ 108ರವರಿಗೆ ತಿಳಿಸಬೇಕು. ಉಸಿರು ನಿಂತೇ ಹೋದರೆ ಅಂಗಾತ ಮಲಗಿಸಿ, ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುತ್ತ, ಸಹಾಯ ಬರುವವರೆಗೆ ನಿಲ್ಲಿಸದೆ ಇರಬೇಕು. ದೆಹಲಿಯ ಏಮ್ಸ್ ಆಸ್ಪತ್ರೆಯ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಶುಲ್ಕರಹಿತ ಸಂಖ್ಯೆ 1800 116 117. ಹಗಲು ರಾತ್ರಿ ಯಾವಾಗ ಕರೆದರೂ ಉತ್ತರ ಸಿಗುತ್ತದೆ. ಆ ಕರೆಗಾಗಿ ಹೊರಡುವುದನ್ನು ತಡೆಯಬೇಡಿ.

ಆಯುರ್ವೇದದವರಾದ ನೀವು ನಮ್ಮ ಪದ್ಧತಿಯ ಮದ್ದನ್ನೇಕೆ ಹೇಳುವುದಿಲ್ಲ ಎಂದು ಕೆಲವರು ಆಕ್ಷೇಪಿಸುವುದುಂಟು. ಅಷ್ಟಾಂಗಗಳಲ್ಲಿ ಅಗದತಂತ್ರವೆಂಬ ವಿಷವೈದ್ಯದ ಅಂಗವೇ ನಮ್ಮಲ್ಲಿದೆ. ಚರಕಸಂಹಿತೆಯ ಚಿಕಿತ್ಸಾಸ್ಥಾನದ 23ನೆಯ ಅಧ್ಯಾಯದಲ್ಲಿ ವಿಷಕ್ಕೆ 24 ಉಪಕ್ರಮಗಳನ್ನು ಹೇಳಿದೆ. ವಮನ, ವಿರೇಚನ, ಪ್ರತಿವಿಷ, ಸಂಜ್ಞಾಸ್ಥಾಪನ ಎಲ್ಲವೂ ಅಲ್ಲಿವೆ. ಆದರೆ ಆ ಪಟ್ಟಿಯಿಂದ ಯಾವುದನ್ನು, ಯಾರಿಗೆ, ಯಾವ ವೇಳೆಯಲ್ಲಿ ಎಂದು ಆರಿಸುವುದು ವೈದ್ಯನ ಕೆಲಸವೇ ಹೊರತು ಗಾಬರಿಗೊಂಡ ಮನೆಯವರದಲ್ಲ. ವಮನ ಇದೆಯೆಂಬ ಮಾತ್ರಕ್ಕೆ ಮಂಪರಿನಲ್ಲಿರುವವರ ಗಂಟಲಿಗೆ ಬೆರಳು ಹಾಕುವುದು ಶಾಸ್ತ್ರವಲ್ಲ. ನಮ್ಮ ಮಷೀಕಲ್ಪನೆಯಲ್ಲಿಯೂ ದ್ರವ್ಯಗಳನ್ನು ಸುಟ್ಟು ಕರಿಯಾಗಿಸುತ್ತೇವೆ, ನಿಜ. ತ್ರಿಫಲಾ ಮಷಿಯ ಉಪಯೋಗ ಬೇರೆ, ಅದು ಆಸ್ಪತ್ರೆಯ ಇದ್ದಿಲಿಗೆ ಬದಲಿಯಲ್ಲ. ವಿಭೂತಿಯನ್ನು ನೀರಿಗೆ ಹಾಕಿ ಕುಡಿಸುವ ಭಕ್ತರೂ ಇದ್ದಾರೆ. ವಿಭೂತಿ ಪೂರ್ತಿ ಉರಿದು ಉಳಿದ ಭಸ್ಮ, ಇದ್ದಿಲಲ್ಲ. ಅದನ್ನು ಹಣೆಗೆ ಧರಿಸಿಸಿ, ಬಾಯಿಗೆ ಬೇಡ. ಈ ತುರ್ತಿನಲ್ಲಿ ಪದ್ಧತಿಗಳ ಅಭಿಮಾನ ತಂದು ಕಾಲ ಕಳೆಯುವುದು ಯಾರಿಗೂ ಶೋಭೆಯಲ್ಲ.

ಇನ್ನು, ಎಷ್ಟೋ ಮನೆಗಳಲ್ಲಿ ತಡವಾಗುವುದು ದಾರಿಯ ದೆಸೆಯಿಂದಲ್ಲ, ಮರ್ಯಾದೆಯ ಭಯದಿಂದ. ಮದುವೆಗೆ ಬಂದ ಮಗಳಿದ್ದಾಳೆ, ಓಣಿಯವರು ಏನೆಂದಾರು, ಪೊಲೀಸರು ಬಂದಾರು ಎಂದು ಬಾಗಿಲು ಮುಚ್ಚಿ ಕೂರುತ್ತಾರೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮಿನಂತೆ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರು ತೀವ್ರ ಮಾನಸಿಕ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರನ್ನು ವಿಚಾರಣೆಗೆ ಒಳಪಡಿಸಿ ಶಿಕ್ಷಿಸಬಾರದು. ಹಳೆಯ ದಂಡಸಂಹಿತೆಯಲ್ಲಿ ಇದನ್ನು ಅಪರಾಧವೆಂದಿದ್ದ 309ನೆಯ ಕಲಮು, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕಳುಹಿಸುವುದು ಅವರ ಕ್ರಮ, ಅದು ನಿಮ್ಮ ಮೇಲಿನ ದೂರಲ್ಲ. ಮೊದಲು ಚಿಕಿತ್ಸೆ, ಆಮೇಲೆ ಕಾಗದಪತ್ರ ಎಂದು ಸುಪ್ರೀಂ ಕೋರ್ಟು 1989ರಲ್ಲಿಯೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ ವೈದ್ಯರ ಮುಂದೆ ಏನು, ಎಷ್ಟು, ಯಾವಾಗ ಎಂಬುದನ್ನು ಮುಚ್ಚಿಡಬೇಡಿ. ಹೊಟ್ಟೆನೋವಿಗೆ ತಂದಿದ್ದೇವೆಂದು ಹೇಳಿದರೆ ವೈದ್ಯರು ಹೊಟ್ಟೆನೋವನ್ನೇ ಹುಡುಕುತ್ತ ಕುಳಿತುಕೊಳ್ಳಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ಇದ್ದಿಲು ಕೊಟ್ಟಿದ್ದರೆ ಮನೆಗೆ ಬಂದ ಮೇಲೂ ಒಂದೆರಡು ದಿನ ಮಲ ಕಪ್ಪಾಗಿರುತ್ತದೆ, ಗಾಬರಿ ಬೇಡ. ಮಲಬದ್ಧತೆ ಹೆಚ್ಚಾದರೆ ವೈದ್ಯರಿಗೆ ತಿಳಿಸಿ. ಇದ್ದಿಲು ಒಳ್ಳೆಯ ಔಷಧ, ಕೆಟ್ಟ ಔಷಧ ಎಂಬ ಭೇದವನ್ನು ಅರಿಯದು; ರಕ್ತದೊತ್ತಡದ, ಮೂರ್ಛೆಯ ನಿತ್ಯದ ಗುಳಿಗೆಗಳನ್ನೂ ಹಿಡಿದುಕೊಳ್ಳುತ್ತದೆ. ಅವನ್ನು ಮತ್ತೆ ಯಾವಾಗ ಆರಂಭಿಸಬೇಕೆಂದು ಬಿಡುಗಡೆಯ ದಿನವೇ ಕೇಳಿಕೊಳ್ಳಿ. ಕೆಮ್ಮು, ಜ್ವರ, ಏದುಸಿರು ಕಾಣಿಸಿದರೆ ಪುಪ್ಪುಸಕ್ಕೆ ಏನೋ ಇಳಿದಿರಬಹುದೆಂದು ಶಂಕಿಸಿ ಅಂದೇ ತೋರಿಸಿ. ದುಃಖದಿಂದ ಹೀಗೆ ಮಾಡಿಕೊಂಡವರನ್ನು ಮನೆಗೆ ಕರೆತಂದು ಕಟಕಟೆಯಲ್ಲಿ ನಿಲ್ಲಿಸಿದಂತೆ ಪ್ರಶ್ನಿಸುವುದು ಬೇಡ. ಊಟಕ್ಕೆ ಜೊತೆಯಲ್ಲಿ ಕೂರಿಸಿಕೊಳ್ಳಿ, ಒಂಟಿಯಾಗಿ ಬಿಡಬೇಡಿ, ಅವರು ಮಾತನಾಡಲು ತೊಡಗಿದರೆ ನಡುವೆ ಬುದ್ಧಿ ಹೇಳದೆ ಕೇಳಿಸಿಕೊಳ್ಳಿ. ಮನಸ್ಸಿನ ಭಾರಕ್ಕೆ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಮನೆಯವರೂ ಕರೆ ಮಾಡಬಹುದು.

ಈ ಲೇಖನ ಓದಿ ನಾಳೆಯಿಂದಲೇ ನಿದ್ದೆಗುಳಿಗೆ ಬಿಟ್ಟುಬಿಡುತ್ತೇನೆಂದು ಯಾರೂ ಹೊರಡಬಾರದು. ಬಹುಕಾಲ ಸೇವಿಸಿದವರು ಥಟ್ಟನೆ ನಿಲ್ಲಿಸಿದರೆ ನಡುಕ, ಗಾಬರಿ, ಕೆಲವರಲ್ಲಿ ಫಿಟ್ಸ್ ಕೂಡ ಬರುತ್ತದೆ. ಬರೆದುಕೊಟ್ಟ ವೈದ್ಯರೇ ವಾರವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಬೇಕು. ಆ ಹಂತದಲ್ಲಿ ಅಭ್ಯಂಗ, ಪಾದಾಭ್ಯಂಗ, ರಾತ್ರಿಯ ಹಿತಮಿತವಾದ ಊಟ ಖಂಡಿತ ನೆರವಾಗುತ್ತವೆ. ಅಶ್ವಗಂಧ, ಜಟಾಮಾಂಸಿಗಳನ್ನು ಮಾತ್ರ ನಿದ್ದೆಗುಳಿಗೆಯ ಜೊತೆಯಲ್ಲಿ ಸ್ವಂತ ಬುದ್ಧಿಯಿಂದ ಸೇರಿಸಿಕೊಳ್ಳಬೇಡಿ, ಎರಡೂ ಕೂಡಿ ಮಂಪರು ಹೆಚ್ಚಬಹುದು. ಇಂಥ ಗುಳಿಗೆಗಳಲ್ಲಿ ಹೆಚ್ಚಿನವು ಷೆಡ್ಯೂಲ್ ಎಚ್-1ರಲ್ಲಿವೆ. ವೈದ್ಯರ ಚೀಟಿಯಿಲ್ಲದೆ ಕೊಡುವಂತಿಲ್ಲ, ಅಂಗಡಿಯವರು ಅದನ್ನು ಪುಸ್ತಕದಲ್ಲಿ ಬರೆದಿಡಬೇಕು. ಪರಿಚಯದ ಅಂಗಡಿಯವರ ದಾಕ್ಷಿಣ್ಯದಿಂದ ಚೀಟಿಯಿಲ್ಲದೆ ತರುವವರು ಇದನ್ನು ನೆನಪಿಡಬೇಕು.

ಮನೆಯಲ್ಲಿ ಹಿರಿಯರ ಗುಳಿಗೆಗಳನ್ನು ಬೀಗವಿರುವ ಪೆಟ್ಟಿಗೆಯಲ್ಲಿಟ್ಟು, ಒಂದು ದಿನಕ್ಕೆ ಬೇಕಾದಷ್ಟನ್ನು ಮಾತ್ರ ಮಗನೋ ಸೊಸೆಯೋ ಕೈಯಾರೆ ಕೊಡುವುದು ಲೇಸು. ಕೊಟ್ಟ ಕೂಡಲೇ ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ಗೆರೆ ಎಳೆದರೆ, ಕೊಟ್ಟೆವೋ ಇಲ್ಲವೋ ಎಂಬ ಅನುಮಾನಕ್ಕೆ ಎಡೆಯಿರುವುದಿಲ್ಲ. ತೀರಿಕೊಂಡ ಹಿರಿಯರ ಉಳಿಕೆ ಗುಳಿಗೆಗಳನ್ನು ಮಾಡದಲ್ಲಿ ಹಾಗೆಯೇ ಬಿಟ್ಟಿದ್ದರೆ ಇಂದೇ ತೆಗೆದು, ನಿಮ್ಮ ಔಷಧದ ಅಂಗಡಿಯವರನ್ನೋ ವೈದ್ಯರನ್ನೋ ಕೇಳಿ ವಿಲೇವಾರಿ ಮಾಡಿ.